ಏಳನೇ ಬಲೆಯ ನೊಣಗಳು

ಮೊದಲೇ ಹೇಳಿಬಿಡುತ್ತೇನೆ: ಆ ವಾದದಲ್ಲಿ ಗೆದ್ದವಳು ನಾನು. ಸೋತವರು ತಮ್ಮ ಕಥೆ ಬರೆದರೆ ಓದುವವರ ಕಣ್ಣಾದರೂ ಒದ್ದೆಯಾಗುತ್ತದೆ. ಗೆದ್ದು ಕೆಡಿಸಿದವರು ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಬಾಯಿ ಮುಚ್ಚುವ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ.

ಕೆಲಸ ನೊಣಗಳದ್ದು. ವಯನಾಡಿನ ಒಂದು ಬೆಟ್ಟದಲ್ಲಿ ಬುಡದಿಂದ ತುದಿಗೆ ಹೋದಂತೆ ನೊಣಗಳ ಬಗೆಗಳು ಹೆಚ್ಚುತ್ತವೋ ಕಡಿಮೆಯಾಗುತ್ತವೋ ಎಂದು ನೋಡಬೇಕಿತ್ತು. ಬೆಟ್ಟದ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೂ ಹತ್ತು ಗಾಡಿ ಹೆಚ್ಚು ಬರುತ್ತವೆ. ಈಗ ಬರುತ್ತಿರುವುದೇ ಸಾಕು. ಕೆಲಸ ಸಿಕ್ಕಿದ ವಾರ ಕಾಟ್ಟಿಕುಳದ ನಮ್ಮ ದಿನಸಿ ಅಂಗಡಿಗೆ ಬಂದ ಗಿರಾಕಿಯೊಬ್ಬ ಕೇಳಿದ, "ನೊಣ ಎಣಿಸೋಕೆ ಬೆಟ್ಟ ಯಾಕೆ ಹತ್ತಬೇಕು? ನಿಮ್ಮಪ್ಪನ ಬೆಲ್ಲದ ಮೂಟೆ ಬಿಚ್ಚಿದ್ರೆ ಸಾಲ್ದಾ?" ಅಪ್ಪ ನಗಲಿಲ್ಲ, ಎದ್ದು ಹೋಗಿ ಮೂಟೆಯ ಬಾಯಿ ಕಟ್ಟಿದರು. ನಾನು ಆ ಮನುಷ್ಯನಿಗೆ ಹತ್ತು ನಿಮಿಷ ಉತ್ತರ ಕೊಟ್ಟೆ. ಬೆಲ್ಲಕ್ಕೆ ಬರುವುದು ಒಂದೆರಡು ಬಗೆ. ಹೂವಿಗೆ ಬರುವವು ಬೇರೆ, ಅಣಬೆಯಲ್ಲಿ ಹುಟ್ಟುವವು ಬೇರೆ, ಕಂಬಳಿಹುಳುವಿನ ಮೈಯೊಳಗೆ ಬೆಳೆಯುವವು ಬೇರೆ, ನೊಣಗಳಿಲ್ಲದಿದ್ದರೆ ಕಾಡಿನ ಕೊಳೆ ಕೊಳೆಯುವುದೂ ಇಲ್ಲ. "ಶರಿ ಮೋಳೆ, ನೀನೇ ಗೆದ್ದೆ" ಎಂದು, ಮಲಯಾಳದಲ್ಲಿ ಮಗಳೇ ಎಂದು ಕರೆದು, ಆತ ಹೊರಟುಬಿಟ್ಟ, ಕಟ್ಟಿಸಿದ ಉಪ್ಪನ್ನು ಅಲ್ಲೇ ಮರೆತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಬಂದ ಬಹುಮಾನದ ಕಪ್ಪುಗಳು ಅದೇ ಅಂಗಡಿಯ ಅಟ್ಟದ ಮೇಲಿವೆ. ಮನೆಯಲ್ಲಿ ಕನ್ನಡ, ವೇದಿಕೆಯಲ್ಲಿ ಮಲಯಾಳ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಕೈಗೆ ಬಂದ ಪಕ್ಷವನ್ನು ಐದು ನಿಮಿಷದೊಳಗೆ ನಂಬಿಬಿಡುವುದನ್ನು ಅಲ್ಲಿ ಕಲಿತೆ. ಎದುರಿನವರನ್ನು "ಸಾಕ್ಷ್ಯ ಎಲ್ಲಿ?" ಎಂದು ಕೇಳುವುದನ್ನೂ ಅಲ್ಲೇ ಕಲಿತೆ. ಈ ಎರಡನೆಯದನ್ನು ವಿಜ್ಞಾನ ಅಂದುಕೊಂಡಿದ್ದೆ.

ಬಲೆಗಳು ಏಳು. ಬುಡದ ಕಾಫಿ ತೋಟದ ಅಂಚಿನಲ್ಲಿ ಒಂದನೆಯದು, ಹುಲ್ಲಿನ ಬೋಳು ತುದಿಯಲ್ಲಿ ಏಳನೆಯದು, ನಡುವೆ ಸಮ ಏರಿಗೆ ಒಂದೊಂದು. ನೋಡುವುದಕ್ಕೆ ಗುಡಾರದ ಹಾಗೆ: ನಡುವೆ ಕಪ್ಪು ಜಾಲರಿಯ ಗೋಡೆ, ಮೇಲೆ ಬಿಳಿ ಜಾಲರಿಯ ಮಾಡು. ಹಾರಿ ಬರುವ ನೊಣ ಗೋಡೆಗೆ ತಾಗುತ್ತದೆ. ತಾಗಿದ ನೊಣ ಹಿಂದಕ್ಕೆ ತಿರುಗುವುದಿಲ್ಲ, ಬೆಳಕು ಕಂಡ ಕಡೆ ಮೇಲಕ್ಕೇ ಹತ್ತುತ್ತದೆ. ಹತ್ತಿದ ತುದಿಯಲ್ಲಿ ಸ್ಪಿರಿಟ್ ಹಾಕಿದ ಸೀಸಿ. ಗೋಡೆಯ ಈ ಬದಿಗೆ ತಾಗಿದ್ದೂ ಆ ಬದಿಗೆ ತಾಗಿದ್ದೂ ಒಂದೇ ಸೀಸಿಗೆ ಬೀಳುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ವಾರಕ್ಕೊಮ್ಮೆ ಏಳೂ ಸೀಸಿ ಬದಲಾಯಿಸಬೇಕು. ಚೀಟಿಯಲ್ಲಿ ತಾರೀಕು, ಎತ್ತರ, ಬಲೆಯ ಸಂಖ್ಯೆ, ಎಲ್ಲ ಪೆನ್ಸಿಲಿನಲ್ಲೇ. ಪೆನ್ನಿನ ಶಾಯಿಯನ್ನು ಸ್ಪಿರಿಟ್ ತಿನ್ನುತ್ತದೆ. ಚೀಟಿಯನ್ನು ಸೀಸಿಯ ಒಳಗೇ ಹಾಕಬೇಕು. ಹೊರಗೆ ಅಂಟಿಸಿದ್ದನ್ನು ಮಳೆ ತಿನ್ನುತ್ತದೆ. ಮೊದಲ ಮಳೆಗಾಲದಲ್ಲಿ ಮೂರನೇ ಬಲೆಯನ್ನು ಆನೆ ಎಳೆದು ಹಾಕಿತು. ಐದನೆಯದರಲ್ಲಿ ಇರುವೆಗಳು ಹಗ್ಗದ ಮೇಲೆ ಹತ್ತಿ ಸೀಸಿಯ ಬಾಯಲ್ಲೇ ಊಟ ಮಾಡುತ್ತಿದ್ದವು. ಹಗ್ಗಕ್ಕೆಲ್ಲ ಗ್ರೀಸ್ ಹಚ್ಚಿದೆವು. ಚೆಕ್‌ಪೋಸ್ಟಿನಲ್ಲಿ ಪ್ರತಿ ಸಲ ಸ್ಪಿರಿಟ್ ಕ್ಯಾನಿನ ಮುಚ್ಚಳ ತೆಗೆದು, ಸಾರಾಯಿಯೇನೋ ಎಂದು ಮೂಸಿ, ನನ್ನ ಮುಖ ನೋಡಿ, ಮತ್ತೆ ಮೂಸುತ್ತಿದ್ದರು. ನಾನು ಒಮ್ಮೆ ಸತ್ತ ನೊಣಗಳ ಸೀಸಿಯನ್ನೇ ತೆಗೆದು ಮೂಗಿನ ಕೆಳಗೆ ಹಿಡಿದೆ. ಆಮೇಲೆ ಮೂಸುವುದು ನಿಂತಿತು.

ಸಂಶೋಧನೆಯ ಮುಖ್ಯಸ್ಥರು, ನಾವು ಸಾರ್ ಅನ್ನುತ್ತಿದ್ದೆವು, ತಿಂಗಳಿಗೊಮ್ಮೆ ಬೆಟ್ಟದ ಬುಡದವರೆಗೆ ಬರುತ್ತಿದ್ದರು. ಬೆಟ್ಟ ಹತ್ತುತ್ತಿದ್ದವರು ಇಬ್ಬರು: ನಾನು, ಮತ್ತು ವಾಚರ್ ಮಾವ. ಅವರು ಕಾಡಿನಲ್ಲಿ ವಾಚರ್ ಆಗಿದ್ದು ಬಿಟ್ಟವರು, ಜೇನು ಕೀಳುವ ಕಾಟ್ಟುನಾಯ್ಕರ ಪೈಕಿ. ಅವರ ಮಾತಿಗೂ ನಮ್ಮ ಮನೆಯ ಕನ್ನಡಕ್ಕೂ ಅಂತರ ಒಂದು ಬೇಲಿಯಷ್ಟು. ನನ್ನನ್ನು ಕೂಸೇ ಎಂದು ಕರೆಯುತ್ತಿದ್ದರು. ಅವರ ಜನರ ಗುಡಿಸಲುಗಳ ಹಾಡಿ ಎರಡನೇ ಬಲೆಯ ಕೆಳಗೆ, ಒಂದು ಕೊಲ್ಲಿಯ ಮಗ್ಗುಲಲ್ಲಿತ್ತು. ಕೊಲ್ಲಿಯೆಂದರೆ ಬೇಸಿಗೆಯಲ್ಲೂ ಒಸರುವ ನೀರು, ಕೊಳೆತ ಎಲೆ, ಮಂಡಿಯವರೆಗೆ ಕೆಸರು. ಹಾಡಿಯ ಹೆಂಗಸರು ಅಲ್ಲೇ ಏಡಿ ಹಿಡಿಯುತ್ತಿದ್ದರು, ಚುರುಳಿ ಸೊಪ್ಪಿನ ಕುಡಿ ಕೀಳುತ್ತಿದ್ದರು, ಕುಡಿಯುವ ನೀರು ಹಿಡಿಯುತ್ತಿದ್ದರು. ಮೊದಲ ದಿನವೇ ಮಾವ ಒಂದು ಹಿಡಿ ಕೆಸರು ಎತ್ತಿ ನನ್ನ ಅಂಗೈಗೆ ಹಾಕಿ, "ನೋಡು, ಬಾಲದಲ್ಲಿ ಉಸಿರಾಡೋ ಹುಳ" ಎಂದು ತೋರಿಸಿದ್ದರು. ಅದು ಹೂನೊಣದ ಮರಿ ಎಂದು ನನಗೆ ಗೊತ್ತಿತ್ತು. "ಗೊತ್ತು" ಅಂದೆ, ಕೈ ತೊಳೆದೆ.

ಕಾಡಿನವರಿಗೆ ಎಲ್ಲವೂ ಗೊತ್ತು ಎಂಬ ಭಕ್ತಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸ್ಪಿರಿಟಿನ ವಾಸನೆಗೆ ನೊಣ ಬಂದು ಬೀಳುತ್ತದೆ ಎಂದು ಮಾವ ಕೊನೆಯವರೆಗೂ ವಾದಿಸಿದರು, ಅದು ತಪ್ಪು. ಖಾಲಿ ಸೀಸಿ ಕಟ್ಟಿ ತೋರಿಸಿದೆ, ಅದರಲ್ಲೂ ಬಿದ್ದಿದ್ದವು. "ನಿನ್ನೆಯ ವಾಸನೆ ಉಳ್ಕೊಂಡಿತ್ತು" ಅಂದರು. ಇಂಥ ಮನುಷ್ಯನ ಮಾತನ್ನು ಎಷ್ಟು ನಂಬಬೇಕು? ನನ್ನ ಪ್ರಶ್ನೆ ತಪ್ಪಿರಲಿಲ್ಲ. ಒಂದು ಸಲ ತಪ್ಪಿದವರು ಎಲ್ಲ ಸಲವೂ ತಪ್ಪುತ್ತಾರೆ ಅಂದುಕೊಂಡದ್ದು ತಪ್ಪಾಗಿತ್ತು.

ಮೊದಲ ವರ್ಷದ ಸೀಸಿಗಳು ಲ್ಯಾಬಿನಲ್ಲಿ ತೆರೆದುಕೊಂಡವು. ಬಗೆಗಳನ್ನು ಬೇರೆ ಮಾಡುವುದು ನನ್ನ ಪಾಲು: ರೆಕ್ಕೆಯ ನರ, ಮೀಸೆಯ ಕಡ್ಡಿ, ಬೆನ್ನ ಮೇಲಿನ ಕೂದಲು ನೋಡಿ ಒಂದೇ ತರಹದವನ್ನು ಒಂದು ತಟ್ಟೆಗೆ ಹಾಕುತ್ತಾ ಹೋಗಬೇಕು. ಎರಡನೇ ಬಲೆಯಲ್ಲಿ ಬಗೆಗಳು ಬಹಳ. ಅಲ್ಲಿಂದ ಮೇಲಕ್ಕೆ ಸಾರ್ ನಿರೀಕ್ಷಿಸಿದ ಹಾಗೆಯೇ ಮೆಟ್ಟಿಲಿಳಿದಂತೆ ಕಡಿಮೆ. ಆರನೆಯದರಲ್ಲಿ ಬಡತನ. ಆದರೆ ಏಳನೆಯದು, ಗಾಳಿ ಬಡಿಯುವ ಆ ಬೋಳು ತುದಿಯಲ್ಲಿ, ಎಲ್ಲಕ್ಕಿಂತ ಹೆಚ್ಚು. ಬಿಸಿಲಿದ್ದ ವಾರಗಳಲ್ಲಿ ಆ ಸೀಸಿ ಎಷ್ಟು ತುಂಬಿರುತ್ತಿತ್ತೆಂದರೆ ಚೀಟಿ ಹಾಕಿದರೆ ಒಳಗಿಳಿಯುತ್ತಿರಲಿಲ್ಲ, ಚಿಮಟದಿಂದ ನೊಣಗಳ ನಡುವೆ ದಾರಿ ಮಾಡಿ ತುರುಕಬೇಕಾಗುತ್ತಿತ್ತು.

"ಸೀಸಿ ಅದಲುಬದಲಾಗಿದೆ" ಅಂದರು ಸಾರ್.

ನಾನು ಚೀಟಿಗಳನ್ನು ಮೇಜಿನ ಮೇಲೆ ಹರಡಿದೆ. ಒಂದು ಸಲ ಬದಲಾಗಬಹುದು, ಪ್ರತಿ ಬಿಸಿಲಿನಲ್ಲೂ ಬದಲಾಗುತ್ತದಾ? ಆರರಲ್ಲಿ ಇಲ್ಲದ ಬಗೆ ಏಳರಲ್ಲಿ ಹೇಗೆ ಬಂತು? ಇರುವುದನ್ನು ಒಪ್ಪದೆ ಪುಸ್ತಕದಲ್ಲಿರುವುದನ್ನೇ ಹುಡುಕುವುದಾದರೆ ಬಲೆ ಯಾಕೆ ಕಟ್ಟಬೇಕು? ಸಾರ್ ಕನ್ನಡಕ ತೆಗೆದು ಒರೆಸಿದರು. ಒರೆಸಿ ಮತ್ತೆ ಹಾಕಿಕೊಂಡಾಗ ಅವರ ಮುಖವೇ ಬೇರೆಯಾಗಿತ್ತು. ಎಲ್ಲರೂ ಇಳಿಯುತ್ತದೆ ಎಂದ ಕಡೆ ಏರುವ ರೇಖೆ. ಅಂಥದ್ದನ್ನು ಪ್ರಕಟಿಸಿದರೆ ಜನ ತಿರುಗಿ ನೋಡುತ್ತಾರೆ. "ನೀನು ಇಲ್ಲೇ ಪಿಎಚ್.ಡಿ. ಮಾಡು" ಅಂದರು ಅವತ್ತು.

ಆ ಸುದ್ದಿಯನ್ನು ಮಾವನಿಗೆ ತುದಿಯ ಮೇಲೆ, ಏಳನೇ ಬಲೆಯ ಪಕ್ಕದಲ್ಲಿ ಕುಳಿತು ಹೇಳಿದೆ. ಮಧ್ಯಾಹ್ನದ ಬಿಸಿಲು. ನಮ್ಮ ಸುತ್ತ ಬಂಡೆಗೊಂದರಂತೆ, ಹುಲ್ಲುಕಡ್ಡಿಗೊಂದರಂತೆ ನೊಣಗಳು ಕಾವಲು ಕೂತಿದ್ದವು. ಒಂದು ಏಳುತ್ತಿತ್ತು, ಇನ್ನೊಂದರ ಮೇಲೆ ಬೀಳುತ್ತಿತ್ತು, ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತಿತ್ತು.

ಮಾವ ಎಲೆ ಅಡಿಕೆ ಜಗಿಯುತ್ತಾ ಕೇಳಿಸಿಕೊಂಡರು. ಆಮೇಲೆ ಅಂದರು, "ಇವು ಇಲ್ಲೀವಲ್ಲ ಕೂಸೇ."

"ಇಲ್ಲೇ ಇವೆಯಲ್ಲ ಮಾವ, ಕಣ್ಣ ಮುಂದೆ."

"ಅವೆ. ಮಾನಂದವಾಡಿ ಬಸ್ ಸ್ಟ್ಯಾಂಡಲ್ಲೂ ಜನ ಅವ್ರೆ. ಅಲ್ಲಿ ಯಾರ ಮನೆ ಅದೆ?"

ನಗು ಬಂತು, ನಕ್ಕೆ. ಅವರು ನಗಲಿಲ್ಲ. ಜೇನು ಹುಡುಕುವವರು ಹುಳದ ಹಿಂದೆ ಓಡುವುದಿಲ್ಲ. ನೀರಿನ ಹತ್ತಿರ ಕೂತು, ಓರೆ ಬಿಸಿಲಿಗೆ ಮುಖ ಮಾಡಿ, ನೀರು ಕುಡಿದು ಎದ್ದ ಹುಳ ಯಾವ ಕಡೆ ತಿರುಗುತ್ತದೆ ಎಂದು ನೋಡುತ್ತಾರೆ; ಬೆಳಕಿಗೆ ರೆಕ್ಕೆ ಮಿಂಚಿದ ಗೆರೆಯೇ ಗೂಡಿನ ದಾರಿ. ಮಾವ ಅದೇ ಕಣ್ಣಿನಿಂದ ನೊಣಗಳನ್ನು ನೋಡಿದ್ದರು. ಬೆಳಿಗ್ಗೆ ಬಿಸಿಲೇರುವಾಗ ಕೊಲ್ಲಿಯಿಂದ ಎದ್ದು ಮೇಲಕ್ಕೆ ಬರುತ್ತವೆ, ಬಿಸಿಲು ಇಳಿದ ಮೇಲೆ ಕೆಳಗೆ ಹೋಗುತ್ತವೆ. ಹುಟ್ಟುವುದು ಕೆಳಗೆ, ತಿನ್ನುವುದು ಕೆಳಗೆ. ತುದಿಗೆ ಬರುವುದು ಬರೇ ಜಗಳ ಕಾಯುವುದಕ್ಕೆ, ಜೋಡಿ ಹುಡುಕುವುದಕ್ಕೆ.

"ಎಷ್ಟು ದಿನ ನೋಡಿದ್ರಿ?"

"ಎಣಿಸಿಲ್ಲ."

"ಯಾವ ಬಗೆ? ಎಷ್ಟು? ಬರೆದಿಟ್ಟಿದ್ದೀರಾ?"

"ನಾನು ಬರೆಯೋನಾ?" ಅಂದರು. ಬಲೆಯ ಕಪ್ಪು ಗೋಡೆಯನ್ನು ಕೈಯಿಂದ ತಟ್ಟಿದರು. "ಈ ಗೋಡೇನ ಮಾಡಿನ ತನಕ ಏರ್ಸು. ಆ ಬದೀಗೊಂದು ಸೀಸಿ, ಈ ಬದೀಗೊಂದು ಸೀಸಿ. ಕೆಳಗಿಂದ ಬಂದದ್ದು ಒಂದರಲ್ಲಿ ಬೀಳ್ತದೆ, ಮೇಲಿಂದ ಬಂದದ್ದು ಇನ್ನೊಂದರಲ್ಲಿ. ಆಗ ನಿಂಗೇ ಗೊತ್ತಾಯ್ತದೆ. ಎರಡನೇ ಸೀಸಿಗೆ ನಾನು ಬಿದಿರಲ್ಲಿ ಬಾಯಿ ಮಾಡಿಕೊಡ್ತೀನಿ."

ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ಆ ಎರಡು ವರ್ಷದಲ್ಲಿ ಯಾರೂ ಸೂಚಿಸಲಿಲ್ಲ. ನಾನು ಏನಂದೆ ಗೊತ್ತೇ? ನಡುವೆ ವಿಧಾನ ಬದಲಾಯಿಸಿದರೆ ಹಿಂದಿನದಕ್ಕೂ ಮುಂದಿನದಕ್ಕೂ ಹೋಲಿಕೆ ಕೆಡುತ್ತದೆ, ಏಳೂ ಬಲೆ ಒಂದೇ ತರಹ ಇರಬೇಕು, ಅದು ನಿಯಮ. ನಿಯಮ ನಿಜ. ಎಂಟನೆಯದೊಂದು ಬಲೆ ಪಕ್ಕದಲ್ಲಿ ಕಟ್ಟಬಹುದಿತ್ತು ಎನ್ನುವುದೂ ನಿಜ, ಅದು ನನಗೆ ಆ ಕ್ಷಣದಲ್ಲೇ ಹೊಳೆದಿತ್ತು. ಎದುರಿನವರಿಗೆ ಹೊಳೆಯದ ಅಂಶವನ್ನು ನಾವಾಗಿ ಎತ್ತಿಕೊಡಬಾರದು, ಇದು ಚರ್ಚೆಯ ಮೊದಲ ಪಾಠ. ಎತ್ತಿಕೊಡಲಿಲ್ಲ. ಸಾಕ್ಷ್ಯ ಎಲ್ಲಿ ಎಂದು ಕೇಳಿದವಳು, ಸಾಕ್ಷ್ಯ ತರುತ್ತೇನೆ ಅಂದವರಿಗೆ ಬಾಗಿಲು ಹಾಕಿದೆ.

ಎರಡನೇ ವರ್ಷದ ಬೇಸಿಗೆಯಲ್ಲಿ ಸಮಿತಿಯೊಂದು ಬಂತು. ಬೆಟ್ಟಕ್ಕೆ ಬರುವವರಿಗೆ ಗಾಡಿ ನಿಲ್ಲಿಸುವ ಜಾಗ, ಅಂಗಡಿ, ಶೌಚಾಲಯ, ಕಾಫಿ ಕುಡಿಯುವ ಕಟ್ಟೆ ಎಲ್ಲಾದರೂ ಆಗಬೇಕು. ಎರಡು ಜಾಗ ಗುರುತಿಸಿದ್ದರು: ತುದಿಯ ಕೆಳಗಿನ ಹುಲ್ಲಿನ ಹರವು, ಇಲ್ಲವೇ ಕೆಳಗಿನ ಕೊಲ್ಲಿಯನ್ನು ಮಣ್ಣು ತುಂಬಿ ಸಮ ಮಾಡಿದ ಬಯಲು. ಯಾವ ಕಡೆ ಜೀವಿಗಳು ಹೆಚ್ಚು, ಯಾವ ಕಡೆ ಉಳಿಸಬೇಕು ಎಂದು ನಮ್ಮನ್ನು ಕೇಳಿದರು. ಎರಡೂ ಬೇಡ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೊಟ್ಟ ವಿಷಯದೊಳಗೇ ವಾದಿಸಿ ಅಭ್ಯಾಸ.

ಮಾನಂದವಾಡಿಯ ಒಂದು ಸಭಾಭವನದಲ್ಲಿ ಸಭೆ. ಸಾರ್ ಎರಡು ಮಾತಾಡಿ ನನ್ನನ್ನು ಎಬ್ಬಿಸಿದರು. ನಾನು ರೇಖೆ ತೋರಿಸಿದೆ: ನೋಡಿ, ಎಲ್ಲಕ್ಕಿಂತ ಹೆಚ್ಚಿನ ಬಗೆಗಳು ತುದಿಯಲ್ಲಿ. ಮುಗಿಸಿ ಕೂರುವಷ್ಟರಲ್ಲಿ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ, ಊರಿನವರದ್ದೇನಾದರೂ ಇದೆಯಾ ಎಂದರು. ಹಿಂದಿನ ಸಾಲಿನಲ್ಲಿ ಮಾವ ಎದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ತಮ್ಮ ಮಾತಿನಲ್ಲೇ ಶುರು ಮಾಡಿದರು. "ಮಲಯಾಳದಲ್ಲಿ ಹೇಳಿ" ಅಂದರು ಯಾರೋ. ತಡವರಿಸುತ್ತಾ ಮಲಯಾಳದಲ್ಲಿ ಹೇಳಿದರು. ತುದಿಯ ನೊಣ ಕೊಲ್ಲಿಯ ನೊಣ. ಕೊಲ್ಲಿ ಮುಚ್ಚಿದರೆ ತುದಿಯೂ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಮಾತನ್ನೂ ಹೇಳಿದರು. ಕೆಲವರ ತಲೆ ಹೌದು ಹೌದು ಎಂದು ಆಡಿತು.

ಆ ತಲೆಗಳು ಆಡಿದ್ದನ್ನು ನನಗೆ ತಡೆಯಲಾಗಲಿಲ್ಲ. ಎದ್ದೆ. ಮಾವನನ್ನು ನೋಡಲಿಲ್ಲ, ಅಧ್ಯಕ್ಷರನ್ನು ನೋಡಿ ಹೇಳಿದೆ. ಅನುಭವಕ್ಕೆ ಗೌರವ ಇದೆ, ಆದರೆ ಬರೆದಿಟ್ಟ ಒಂದು ದಾಖಲೆಯೂ ಇಲ್ಲ. ವಾಸನೆಗೆ ನೊಣ ಬೀಳುತ್ತದೆ ಎಂದು ನಂಬಿದವರೂ ಇವರೇ. ಇನ್ನು ಬಸ್ ಸ್ಟ್ಯಾಂಡು. ಒಪ್ಪಿಕೊಳ್ಳೋಣ. ಊರಿನ ಎಲ್ಲ ಜನ ಬಂದು ಸೇರುವ ಜಾಗ ಅದೊಂದೇ ಆದರೆ, ಮೊದಲು ಉಳಿಸಬೇಕಾದದ್ದು ಬಸ್ ಸ್ಟ್ಯಾಂಡನ್ನೋ, ಯಾರೋ ಒಬ್ಬರ ಹಿತ್ತಿಲನ್ನೋ?

ಸಭೆ ನಕ್ಕಿತು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಹಿತ್ತಿಲು ಎನ್ನುವ ಪದ ಆರಿಸಿದ್ದು ಬೇಕೆಂದೇ. ಮಾವನಿಗೆ ಸ್ವಂತ ಹಿತಾಸಕ್ತಿ ಇದೆ ಎಂದು ನೇರ ಹೇಳದೆ ಹೇಳುವುದಕ್ಕೆ. ಮಾವ ಇನ್ನೂ ನಿಂತೇ ಇದ್ದರು, ಉತ್ತರ ಹೇಳುವ ಸರದಿ ಬರುತ್ತದೇನೋ ಎಂದು. ಬರಲಿಲ್ಲ. ಚಹಾ ಬಂತು.

ಕೆಳಗಿನ ಜಾಗವೇ ಆಯಿತು ಎಂದು ಮುಂದಿನ ವಾರ ತಿಳಿಯಿತು. ಆ ವಾರವೂ ಮಾವ ಸೀಸಿ ಬದಲಾಯಿಸಲು ಬಂದರು. ದಾರಿಯುದ್ದಕ್ಕೂ ಮುಂದೆ ನಡೆದರು, ಜಿಗಣೆಗೆ ಸುಣ್ಣ ಕೊಟ್ಟರು, ಏಳೂ ಗಂಟು ಬಿಗಿ ಮಾಡಿದರು. ಕೂಸೇ ಎಂದು ಒಂದು ಸಲವೂ ಕರೆಯಲಿಲ್ಲ.

ಮಳೆಗಾಲದಲ್ಲಿ ಸಾರ್ ಏಳನೇ ಬಲೆಯ ಬಗೆಗಳಿಗೆ ಸರಿಯಾದ ಹೆಸರು ಹಚ್ಚಲು ಲ್ಯಾಬಿನ ಹಿರಿಯಕ್ಕ ಚೇಚ್ಚಿಗೆ ಕೊಟ್ಟರು. ಚೇಚ್ಚಿ ನೊಣಗಳ ಹೆಸರು ಹಚ್ಚುವುದರಲ್ಲೇ ಕೂದಲು ನೆರೆತವರು, ಮಾತು ಕಡಿಮೆ. ಹೆಸರು ಹಚ್ಚಬೇಕಾದರೆ ಗಂಡಿನ ಹೊಟ್ಟೆಯ ತುದಿಯನ್ನು ಕಾಸ್ಟಿಕ್ ದ್ರಾವಣದಲ್ಲಿ ಕಾಯಿಸಿ ಒಳಗಿನ ಆಕಾರ ನೋಡಬೇಕು. ಆಮೇಲೆ ಹೆಣ್ಣನ್ನು ಜೊತೆಗಿಟ್ಟು ತಾಳೆ ನೋಡಬೇಕು. ಮೂರನೇ ದಿನ ಅವರು ತಲೆಯೆತ್ತದೆ ಕೇಳಿದರು, "ಮೋಳೆ, ಈ ಏಳರ ಹೆಣ್ಣುಗಳನ್ನ ಬೇರೆ ಎತ್ತಿಟ್ಟಿದ್ದೀಯಾ?"

"ಇಲ್ಲ ಚೇಚ್ಚಿ. ಎಲ್ಲ ಅಲ್ಲೇ ಇವೆ."

"ಅಲ್ಲಿ ಬರೇ ಗಂಡಸರ ಹಾಸ್ಟೆಲು."

ಭೂತಗನ್ನಡಿಗೆ ಕಣ್ಣಿಟ್ಟೆ. ಇದಕ್ಕೆ ಹೊಟ್ಟೆಯನ್ನು ಕಾಯಿಸುವುದೂ ಬೇಕಿರಲಿಲ್ಲ. ಹೂನೊಣ, ದನದ ನೊಣ, ಇಂಥ ಎಷ್ಟೋ ಜಾತಿಗಳಲ್ಲಿ ಗಂಡಿನ ಎರಡು ಕಣ್ಣು ನೆತ್ತಿಯ ಮೇಲೆ ಒಂದಕ್ಕೊಂದು ಕೂಡಿರುತ್ತವೆ. ಹೆಣ್ಣಿನ ಕಣ್ಣುಗಳ ನಡುವೆ ಹಣೆಯಿರುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ತಟ್ಟೆಯ ಮೇಲೆ ತಟ್ಟೆ ತೆಗೆದೆ. ಕೂಡಿದ ಕಣ್ಣು, ಕೂಡಿದ ಕಣ್ಣು, ಕೂಡಿದ ಕಣ್ಣು. ಎರಡನೇ ಬಲೆಯ ತಟ್ಟೆ ತೆಗೆದೆ. ಅದೇ ಬಗೆಗಳ ಹೆಣ್ಣುಗಳು ಅಲ್ಲಿದ್ದವು, ಹಣೆ ಅಗಲ ಮಾಡಿಕೊಂಡು. ಅವುಗಳ ಕಣ್ಣು ಬೇರೆ ತರಹ ಇದೆಯೆಂದು ನಾನೇ ಅವನ್ನು ಬೇರೆ ಬಗೆಯೆಂದು ಬರೆದು ಬೇರೆ ತಟ್ಟೆಗೆ ಹಾಕಿದ್ದೆ. ಮನೆಯವರನ್ನು ಕೊಲ್ಲಿಯಲ್ಲಿ ಎಣಿಸಿ, ಗಂಡಂದಿರನ್ನು ಬಸ್ ಸ್ಟ್ಯಾಂಡಿನಲ್ಲಿ ಎಣಿಸಿ, ಎರಡೂ ಬೇರೆ ಬೇರೆ ಜಾತಿಯೆಂದು ಸಭೆಯ ಮುಂದೆ ಹೇಳಿದ್ದೆ. ನೂರಾರು ಗಂಟೆ ಆ ಕಣ್ಣುಗಳನ್ನೇ ನೋಡಿದ್ದೆ.

ಮಳೆ ಬಿಟ್ಟ ದಿನ ಹಾಡಿಗೆ ಹೋದೆ. ಕೊಲ್ಲಿಯ ದಂಡೆಯಲ್ಲಿ ಕೆಂಪು ಬಣ್ಣ ಬಳಿದ ಗೂಟಗಳು ಬಂದಿದ್ದವು. ಮಾವ ಅಂಗಳದಲ್ಲಿ ಬುಟ್ಟಿಯ ಅಂಚು ಕಟ್ಟುತ್ತಿದ್ದರು. ನಿಂತುಕೊಂಡೇ ಹೇಳಿದೆ, "ನೀವು ಹೇಳಿದ್ದು ಸರಿ ಮಾವ. ಎಲ್ಲ ಗಂಡು."

"ಅದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ?"

"ಎರಡು ಸೀಸಿಯ ಬಲೆ ಕಟ್ಟಬೇಕು. ಮಣ್ಣು ಹಾಕೋಕೆ ಮುಂಚೆ. ದಾಖಲೆ ಬೇಕು."

ಮಾವ ಒಳಗಿದ್ದ ಹೆಂಡತಿಗೆ ಏನೋ ಕೂಗಿ ಹೇಳಿದರು. ಆಕೆ ಗೋಡೆಯಿಂದ ಒಂದು ಬಿದಿರಿನ ಕೊಳವೆ ತೆಗೆದು, ಅದರೊಳಗಿದ್ದ ಚಮಚ ಸೌಟುಗಳನ್ನು ಸುರಿದು, ಸೆರಗಿನಲ್ಲಿ ಒರೆಸಿ ಕೊಟ್ಟರು. ಸೀಸಿಯ ಬಾಯಿಗೆ ಸರಿಯಾಗಿ ಕೂರುವಂತೆ ಕೆತ್ತಿದ ಬಾಯಿ. ತುದಿಯ ಮೇಲೆ ಮಾತಾಡಿದ ವಾರವೇ ಮಾಡಿಟ್ಟಿದ್ದರಂತೆ. "ನೀನು ಬೇಡ ಅಂದೆ. ಸೌಟಿಗೆ ಆಯ್ತು" ಅಂದರು ಆಕೆ.

ಏಳನೇ ಬಲೆಗೆ ಗೋಣಿ ಹೊಲಿದು ಕಪ್ಪು ಗೋಡೆಯನ್ನು ಮಾಡಿನವರೆಗೆ ಏರಿಸಿದೆವು. ಬೆಳಿಗ್ಗೆಗೊಂದು ಜೊತೆ ಸೀಸಿ, ಮಧ್ಯಾಹ್ನದ ಮೇಲೆ ಇನ್ನೊಂದು ಜೊತೆ. ಒಂದು ತಿಂಗಳು, ಬಿಸಿಲು ಬಂದ ದಿನವೆಲ್ಲ. ಬೆಳಗಿನ ಹೊತ್ತು ಕೊಲ್ಲಿಯ ಕಡೆಯ ಸೀಸಿ ತುಂಬುತ್ತಿತ್ತು, ತುದಿಯ ಕಡೆಯದು ಖಾಲಿ. ಬಿಸಿಲಿಳಿದ ಮೇಲೆ ಉಲ್ಟಾ. ಮಕ್ಕಳಿಗೂ ಅರ್ಥವಾಗುವಷ್ಟು ಸ್ಪಷ್ಟ.

ಸಾರ್ ಮುಂದೆ ಕಾಗದ ಇಟ್ಟೆ. ಆ ಏರುವ ರೇಖೆಯ ಬಗ್ಗೆ ನಮ್ಮಿಬ್ಬರ ಹೆಸರಿನ ಲೇಖನ ಆಗಲೇ ಸ್ವೀಕಾರವಾಗಿತ್ತು. ಅವರು ನಿಧಾನವಾಗಿ ಓದಿ, ನಿಧಾನವಾಗಿ ಮಡಚಿದರು. "ತುದಿಯಲ್ಲಿ ಹಿಡಿದದ್ದು ಹೆಚ್ಚು ಅನ್ನೋದು ಸುಳ್ಳಲ್ಲವಲ್ಲ. ಕೊನೆಗೆ ಒಂದು ಸಾಲು ಸೇರಿಸೋಣ, ಹೆಚ್ಚಿನ ಅಧ್ಯಯನ ಅಗತ್ಯ ಅಂತ."

"ಸಮಿತಿಗೆ ಪತ್ರ ಹೋಗಬೇಕು ಸಾರ್. ಈಗಲೇ."

"ನಿಮ್ಮ ಚರ್ಚಾಸ್ಪರ್ಧೆಯಲ್ಲಿ ತೀರ್ಪು ಬಂದ ಮೇಲೆ ಇನ್ನೊಂದು ಸಲ ಮಾತಾಡೋಕೆ ಬಿಡ್ತಾರಾ?" ನಗುತ್ತಲೇ ಕೇಳಿದರು. ಆಮೇಲೆ ನಗದೆ ಹೇಳಿದರು, "ಕಳಿಸೋದಾದ್ರೆ ಈ ಲ್ಯಾಬಿನಿಂದ ಅಲ್ಲ. ನಿನ್ನ ಸೀಟಿನ ವಿಷಯ ನೀನೇ ಯೋಚಿಸು."

ಎರಡು ದಿನ ಯೋಚಿಸಿದೆ. ಯೋಚಿಸಿದ್ದು ಧರ್ಮಾಧರ್ಮವನ್ನಲ್ಲ, ಸುಳ್ಳು ಹೇಳುವುದಿಲ್ಲ. ಸಾರ್ ಹೇಳಿದ್ದರಲ್ಲಿ ಎಲ್ಲಾದರೂ ಹುರುಳಿದೆಯಾ ಎಂದು ಹುಡುಕಿದೆ, ಇದ್ದರೆ ಆ ಪಕ್ಷ ಹಿಡಿಯೋಣ ಎಂದು. ನಾಲ್ಕು ಒಳ್ಳೆಯ ವಾದಗಳು ಸಿಕ್ಕವು. ನಾಲ್ಕನ್ನೂ ನಾನು ಗೆಲ್ಲಿಸಬಹುದಿತ್ತು. ಅದೇ ಹೇಸಿಗೆಯಾಯಿತು. ಅಪ್ಪನ ಅಂಗಡಿಯ ಗಲ್ಲೆಯ ಮೇಲೆ ಕೂತು ಪತ್ರ ಬರೆದೆ: ನಾನು ಸಭೆಯಲ್ಲಿ ಹೇಳಿದ್ದು ತಪ್ಪು, ವಾಚರ್ ಹೇಳಿದ್ದು ಸರಿ, ಇಗೋ ದಾಖಲೆ. ಲೇಖನದಿಂದ ನನ್ನ ಹೆಸರು ತೆಗೆಯಿರಿ ಎಂದು ಇನ್ನೊಂದು ಪತ್ರ. ಎರಡನ್ನೂ ಮಾನಂದವಾಡಿಗೆ ಹೋಗಿ ರಿಜಿಸ್ಟರ್ ಮಾಡಿ ಬಂದೆ.

ಸಮಿತಿಯ ಉತ್ತರ ಒಂದು ಪುಟ. ವಿಷಯವನ್ನು ಎಲ್ಲ ದೃಷ್ಟಿಯಿಂದ ಪರಿಶೀಲಿಸಿಯೇ ನಿರ್ಧರಿಸಲಾಗಿದೆ, ಸ್ಥಳೀಯರ ಆಕ್ಷೇಪಣೆಗೆ ಸಭೆಯಲ್ಲೇ ಸಮರ್ಪಕ ಉತ್ತರ ನೀಡಲಾಗಿದೆ. ಜೊತೆಗೆ ನಡಾವಳಿಯ ಪ್ರತಿ ಲಗತ್ತಿಸಿದ್ದರು. ಸಮರ್ಪಕ ಉತ್ತರ ಎಂದರೆ ನನ್ನದೇ ಮಾತು, ಬಸ್ ಸ್ಟ್ಯಾಂಡು ಹಿತ್ತಿಲು ಎಲ್ಲ, ಒಂದಕ್ಷರ ಬಿಡದೆ. ಅಷ್ಟು ಚೆನ್ನಾಗಿ ಯಾಕೆ ಹೇಳಿದೆ ಅನ್ನಿಸಿತು. ಅರ್ಧ ತೊದಲಿದ್ದರೆ ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ಪಿಎಚ್.ಡಿ. ಸೀಟು ಹೋಯಿತು. ಕೊಲ್ಲಿಯೂ ಹೋಯಿತು. ಹಾಗಾಗಿ ಇದನ್ನು ಯಾರೂ ತ್ಯಾಗ ಎಂದು ಕರೆಯಬೇಡಿ. ತ್ಯಾಗಕ್ಕೆ ಪ್ರತಿಯಾಗಿ ಏನಾದರೂ ಉಳಿಯಬೇಕು. ಮಣ್ಣು ತುಂಬಿದ ಟಿಪ್ಪರುಗಳು ಹನ್ನೊಂದು ದಿನ ಬಂದವು. ಹಾಡಿಗೆ ನಲ್ಲಿ ಹಾಕಿಸಿಕೊಟ್ಟರು, ದಿನ ಬಿಟ್ಟು ದಿನ ನೀರು. ಏಡಿಗೆ ನಲ್ಲಿ ಇಲ್ಲ.

ಮುಂದಿನ ವರ್ಷ, ಬಿಸಿಲು ಒಂದೇ ಸಮ ಇರುವ ತಿಂಗಳಲ್ಲಿ ನಾನು ಮತ್ತೆ ಹೋದೆ. ನನ್ನ ಹತ್ತಿರ ಉಳಿದದ್ದು ಆನೆ ಹರಿದ ಮೂರನೇ ಬಲೆಯೊಂದೇ, ಅದನ್ನು ಹೊಲಿದುಕೊಂಡಿದ್ದೆ. ಮಾವ ಅದೇ ಗಾಡಿ ನಿಲ್ಲಿಸುವ ಜಾಗದಲ್ಲಿ ಕೆಲಸಕ್ಕೆ ಸೇರಿದ್ದರು. ನೀಲಿ ಅಂಗಿ, ಕೊರಳಲ್ಲಿ ಸೀಟಿ. ಕಾರುಗಳನ್ನು ಹಿಂದಕ್ಕೆ, ಎಡಕ್ಕೆ, ಸಾಕು ಎಂದು ಸೀಟಿಯಲ್ಲೇ ಹೇಳುತ್ತಿದ್ದರು. ಅವರ ಕಾಲ ಕೆಳಗೆ ಎಲ್ಲೋ ಕೊಲ್ಲಿ ಇತ್ತು. ರಜೆಯ ದಿನ ನೋಡಿ ಬಂದರು. ಇಬ್ಬರೂ ಹತ್ತಿ ತುದಿಯಲ್ಲಿ, ಹಳೆಯ ಗೂಟದ ತೂತುಗಳಲ್ಲೇ ಬಲೆ ಕಟ್ಟಿದೆವು. ಎರಡು ವಾರ ಬಿಟ್ಟು ಮತ್ತೆ ಹತ್ತಿದೆವು.

ಬಂಡೆಗಳ ಮೇಲೆ ಕಾವಲು ಕೂತವು ಕಾಣಲಿಲ್ಲ. ಎಲ್ಲೋ ಒಂದು ಎದ್ದು, ಯಾರೂ ಸಿಗದೆ, ಅದೇ ಹುಲ್ಲುಕಡ್ಡಿಗೆ ಮರಳಿತು. ಸೀಸಿ ಬಿಚ್ಚಿ ಬೆಳಕಿಗೆ ಹಿಡಿದೆ. ಸ್ಪಿರಿಟ್ ತಿಳಿಯಾಗಿತ್ತು. ಆಚೆ ಬದಿಯಲ್ಲಿ ಮಾವನ ಮುಖ ಕಾಣುತ್ತಿತ್ತು.

"ಒಂದು ಸೀಸಿ ಸಾಕ್ಷ್ಯ ಅಲ್ಲ ಮಾವ" ಅಂದೆ. ಅಭ್ಯಾಸ ಬಾಯಿಂದ ಬಂತು. "ಈ ಸಲ ಗಾಳಿ ಜಾಸ್ತಿ ಇತ್ತು. ಎರಡು ದಿನ ಮಂಜೂ ಇತ್ತು."

ಅವರು ಅಂಗಿಯ ಜೇಬಿಗೆ ಕೈ ಹಾಕಿ, ಗಾಡಿ ನಂಬರ್ ಬರೆಯುವ ಮೋಟು ಪೆನ್ಸಿಲ್ ತೆಗೆದು ನನ್ನ ಮುಂದೆ ಹಿಡಿದರು.

"ಶರಿ. ಅದನ್ನೂ ಬರ್ಕೊ."

ತಾರೀಕು ಬರೆದೆ. ಎತ್ತರ ಬರೆದೆ. ಗಾಳಿ, ಮಂಜು ಬರೆದೆ. ಏಳು ಎಂದು ಬರೆದೆ. ಚೀಟಿಯನ್ನು ಸೀಸಿಗೆ ಹಾಕಿದೆ. ಚಿಮಟ ಬೇಕಾಗಲಿಲ್ಲ. ಅದು ಯಾವುದಕ್ಕೂ ತಾಗದೆ, ನೇರ ತಳಕ್ಕೆ ಹೋಗಿ ಕೂತಿತು.